ಕೆಂಪು ಬಟ್ಟೆ ಕಟ್ಟದ ದಿನ

ಲಾಂಚ್ ನಿಲ್ಲಲಿಲ್ಲ. ಗಾಳಿ ಮಾಸ್ತರು ಜೆಟ್ಟಿಯ ತುದಿಯಲ್ಲಿ ನಿಂತು ಎರಡೂ ಕೈ ಬೀಸಿದರು, ಗಂಟಲು ಹರಿಯುವಂತೆ ಕೂಗಿದರು. ಇಂಜಿನ್ನಿನ ಸದ್ದಿನಲ್ಲಿ ಆ ಕೂಗು ಯಾರಿಗೂ ಕೇಳಲಿಲ್ಲ. ಈ ದ್ವೀಪದಲ್ಲಿರುವುದು ಒಂದೇ ಮನೆ. ಜೆಟ್ಟಿಯ ಕಂಬಕ್ಕೆ ಕೆಂಪು ಬಟ್ಟೆ ಕಟ್ಟಿದ್ದರೆ ಮಾತ್ರ ಲಾಂಚ್ ಒಳಕ್ಕೆ ಬರುತ್ತದೆ, ಇಲ್ಲದಿದ್ದರೆ ದೂರದಿಂದಲೇ ಹಾದುಹೋಗುತ್ತದೆ. ಬೆಳಿಗ್ಗೆ ಆರಕ್ಕೆ ಅವರು ಕೈಯಾರೆ ಕಟ್ಟಿದ್ದ ಬಟ್ಟೆ ಈಗ ಕಂಬದಲ್ಲಿರಲಿಲ್ಲ.

ಗಾಳಿಗೆ ಹಾರಿಹೋಯಿತೇನೋ ಎಂದುಕೊಂಡು ಏದುಸಿರು ಬಿಡುತ್ತಾ ಮನೆಗೆ ಬಂದರೆ, ಅದು ನಾಲ್ಕು ಮಡಿಕೆಯಾಗಿ ಹೆಂಡತಿಯ ತೊಡೆಯ ಮೇಲಿತ್ತು. ಪಕ್ಕದಲ್ಲಿ ಊಟದ ಡಬ್ಬಿ.

"ನಾನೇ ಬಿಚ್ಚಿದೆ," ಎಂದರು ಆಕೆ. "ಕೂಗಾಡಬೇಡಿ. ಇವತ್ತೊಂದಿನ ಆ ಸೂಜಿ ಬೇಡ ಅನ್ನಿಸ್ತು. ಗುಡ್ಡದ ಮೇಲೆ ಕೂತು ಊಟ ಮಾಡೋಣ, ಮೊದಲಿನ ಹಾಗೆ. ನಾಳೆ ಲಾಂಚಿಗೆ ಹೋದರಾಯ್ತು."

ಮೊದಲೆಲ್ಲ ಇಬ್ಬರೂ ಇದೇ ಡಬ್ಬಿ ಹಿಡಿದುಕೊಂಡು ವಾರಕ್ಕೊಂದು ದ್ವೀಪ ಸುತ್ತುತ್ತಿದ್ದರು. ಎರಡು ವರ್ಷದಿಂದ ತಿರುಗಾಟವೆಂದರೆ ಮಂಗಳವಾರ, ಶುಕ್ರವಾರದ ಆಸ್ಪತ್ರೆ ಮಾತ್ರ. ಮೂತ್ರಪಿಂಡ ಕೆಟ್ಟ ಆಕೆ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ, ಸುಸ್ತಾಗಿ ವಾಪಸ್. ಕುಡಿಯುವ ನೀರಿಗೂ ಲೆಕ್ಕ: ದಿನಕ್ಕೆ ಮೂರು ಲೋಟ. ಒಂದು ಸಲ ತಪ್ಪಿದರೆ ನೀರು ಶ್ವಾಸಕೋಶಕ್ಕೆ ಏರುತ್ತದೆ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

"ನಾಳೆ ಲಾಂಚ್ ಇಲ್ಲ ಕಣೇ!" ಮಾಸ್ತರು ಕುಸಿದು ಕುಳಿತರು. "ನಾಡಿದ್ದೂ ಇಲ್ಲ, ಅದರ ಮಾರನೆ ದಿನಾನೂ ಇಲ್ಲ. ಬಿರುಗಾಳಿ ಬರ್ತಿದೆ. ನಿನ್ನೆ ಸಾಯಂಕಾಲವೇ ಸುದ್ದಿ ಬಂದಿತ್ತು."

"ನನಗ್ಯಾಕೆ ಹೇಳಲಿಲ್ಲ?"

"ನೀನು ಹೆದರ್ತೀಯ ಅಂತ."

"ಊರಿಗೆಲ್ಲ ಗಾಳಿ ಸುದ್ದಿ ಹೇಳೋರು. ಮನೇಲಿ ಮಾತ್ರ ಬಾಯಿಗೆ ಬೀಗ!" ಆಕೆ ನಗಲು ನೋಡಿದರು. ನಗು ಬರಲಿಲ್ಲ. ಊದಿದ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡರು.

ಮಾಸ್ತರ ಕೆಲಸವೇ ಅದು. ದಿನಕ್ಕೆ ನಾಲ್ಕು ಸಲ ಗಾಳಿಯ ವೇಗ ನೋಡಿ, ಮಳೆ ಅಳೆದು, ಬಂದರಿನ ಕಚೇರಿಗೆ ವಯರ್‌ಲೆಸ್‌ನಲ್ಲಿ ಅಂಕಿ ಹೇಳುವುದು. ಇಪ್ಪತ್ತೆರಡು ವರ್ಷದಲ್ಲಿ ಒಂದು ಅಂಕಿ ತಪ್ಪಾಗಿರಲಿಲ್ಲ. ಮಳೆ ಅಳೆಯುವ ಗೆರೆಗಳ ಗಾಜಿನ ಲೋಟವನ್ನಂತೂ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಹೆಂಡತಿ ಮುಟ್ಟಿದರೂ ಸಿಡುಕುತ್ತಿದ್ದರು. "ಆ ಲೋಟಾನೇ ಕಟ್ಟಿಕೊಳ್ಳಬೇಕಿತ್ತು ನೀವು," ಎಂದು ಆಕೆ ಎಷ್ಟೋ ಸಲ ಛೇಡಿಸಿದ್ದರು.

ಈಗ ಮಾಸ್ತರು ವಯರ್‌ಲೆಸ್ ಎತ್ತಿಕೊಂಡು ಅಂಗಲಾಚಿದರು. ಕಚೇರಿಯ ಗುಮಾಸ್ತ ಒಳ್ಳೆಯವನು. "ಮಧ್ಯಾಹ್ನದ ಟ್ರಿಪ್ಪಿನಲ್ಲಿ ಬಂದು ಕರ್ಕೊಂಡು ಹೋಗೋಕೆ ಹೇಳ್ತೀನಿ ಸಾರ್. ಆದರೆ ನಿಮ್ಮ ಎರಡು ಗಂಟೆಯ ಗಾಳಿ ಅಂಕಿ ಮೂವತ್ತರೊಳಗೆ ಇರಬೇಕು. ದಾಟಿದರೆ ಲಾಂಚ್ ಬಿಡೋ ಹಾಗಿಲ್ಲ. ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಆ ನಿಯಮಕ್ಕೆ ಅಂಕಿ ಒದಗಿಸುತ್ತಿದ್ದವರೇ ಅವರು. ಹತ್ತಕ್ಕೆ ಇಪ್ಪತ್ತೆರಡಿತ್ತು. ಹನ್ನೆರಡಕ್ಕೆ ಇಪ್ಪತ್ತೆಂಟು. ಊಟದ ಡಬ್ಬಿಯನ್ನು ಯಾರೂ ತೆರೆಯಲಿಲ್ಲ. ಮಾಸ್ತರು ಮತ್ತೆ ಕಂಬಕ್ಕೆ ಬಟ್ಟೆ ಕಟ್ಟಿ ಬಂದು, ಗಾಳಿ ಮಾಪಕದ ಮುಂದೆಯೇ ಕುಳಿತರು. ಜೀವಮಾನದಲ್ಲಿ ಮೊದಲ ಸಲ ಗಾಳಿಗೆ ಕೈ ಮುಗಿದರು. ಎರಡು ಗಂಟೆಗೆ ಮುಳ್ಳು ಮೂವತ್ತಾರರಲ್ಲಿ ನಿಂತಿತು.

ವಯರ್‌ಲೆಸ್ ಗುಂಡಿ ಒತ್ತಿದರು. "ಇಪ್ಪತ್ತಾರು," ಎಂದರು.

ಧ್ವನಿ ತಮ್ಮದೇ ಎಂದು ಅವರಿಗೇ ಅನ್ನಿಸಲಿಲ್ಲ. ಆ ಕಡೆಯಿಂದ ಗುಮಾಸ್ತನ ಖುಷಿಯ ಮಾತು ಬಂತು. "ಸದ್ಯ! ಲಾಂಚ್ ಬಿಡಿಸ್ತೀನಿ ಸಾರ್. ಹನ್ನೊಂದು ಜನ ಇಲ್ಲಿ ಲಾಂಚಿಗೆ ಕಾಯ್ತಿದ್ದಾರೆ. ಹಸುಗೂಸು ಎತ್ತಿಕೊಂಡು ಒಬ್ಬ ಬಾಣಂತಿ ಬೇರೆ, ಬೆಳಿಗ್ಗೆಯಿಂದ ಕೂತಿದ್ದಾಳೆ."

ತಿರುಗಿ ನೋಡಿದರೆ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದರು.

"ಮುಳ್ಳು ನಂಗೂ ಕಾಣಿಸುತ್ತೆ ರೀ."

"ನೀನು ಒಳಗೆ ಹೋಗು."

"ಮೂವತ್ತಾರಿದೆ."

"ಇರಲಿ! ಲಾಂಚಿನವನು ಪಳಗಿದವನು, ಬಂದೇ ಬರ್ತಾನೆ. ನಾಲ್ಕು ದಿನ ಹೀಗೇ ಇದ್ದರೆ ನೀನು ಸಾಯ್ತೀಯ. ಸಾಯ್ತೀಯ ಕಣೇ! ನಾನೇನು ಮಾಡ್ಲಿ ಆಮೇಲೆ? ಯಾರಿಗೆ ಹೇಳ್ಲಿ ಅಂಕಿ?"

ಮಾಸ್ತರು ಅತ್ತರು. ಮದುವೆಯಾದಾಗಿನಿಂದ ಅವರು ಅತ್ತಿದ್ದನ್ನು ಆಕೆ ಕಂಡಿರಲಿಲ್ಲ. ಆಕೆಗೂ ಬದುಕಬೇಕು ಅನ್ನಿಸಿತು, ಬೆಳಿಗ್ಗೆಗಿಂತ ಎಷ್ಟೋ ಹೆಚ್ಚಾಗಿ ಅನ್ನಿಸಿತು. ಬಂದು ಮಾಸ್ತರ ಹೆಗಲ ಮೇಲೆ ಕೈ ಇಟ್ಟರು. ಆ ಕೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ರಕ್ತನಾಳ ಹಗ್ಗದಂತೆ ಉಬ್ಬಿತ್ತು.

"ಬಟ್ಟೆ ಬಿಚ್ಚಿದ್ದು ನಾನು, ಸುದ್ದಿ ಮುಚ್ಚಿಟ್ಟಿದ್ದು ನೀವು," ಎಂದರು. "ಆ ಬಾಣಂತಿ ಏನು ಮಾಡಿದ್ಲು? ಲಾಂಚ್ ಇನ್ನೂ ಬಂದರು ದಾಟಿರಲ್ಲ. ಹೇಳಿ."

ಮಾಸ್ತರು ಮುಖ ಒರೆಸಿಕೊಳ್ಳಲಿಲ್ಲ. ಗುಂಡಿ ಒತ್ತಿದರು.

"ತಪ್ಪು ಹೇಳಿದೆ. ಮೂವತ್ತಾರು. ಲಾಂಚ್ ಬಿಡಬೇಡಿ."

ಆ ಕಡೆಯಿಂದ ಗುಮಾಸ್ತ ಸಣ್ಣ ದನಿಯಲ್ಲಿ, "ಬರೆದುಕೊಂಡೆ ಸಾರ್. ಗಾಳಿ ಇಳಿದ ತಕ್ಷಣ ಮೊದಲು ನಿಮ್ಮಲ್ಲಿಗೇ ಕಳಿಸ್ತೀನಿ," ಎಂದ.

ಕಿಟಕಿಯಾಚೆ ಕಂಬದ ಕೆಂಪು ಬಟ್ಟೆ ಹಲಗೆಯಂತೆ ನೆಟ್ಟಗೆ ನಿಂತು ಪಟಪಟ ಬಡಿಯುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಕುಳಿತರು. ಮೊದಲ ಮಳೆಹನಿಗಳು ಗಾಜಿಗೆ ಅಪ್ಪಳಿಸಿದವು.

"ದಿನಕ್ಕೆ ಮೂರು ಲೋಟ ನೀರೂ ಜಾಸ್ತಿಯೇ ಆಗುತ್ತೆ ಇನ್ನು," ಎಂದರು ಆಕೆ. "ಗುಟುಕು ಲೆಕ್ಕದಲ್ಲಿ ಕುಡಿಯಬೇಕು. ಅಡುಗೆಮನೆ ಲೋಟದಲ್ಲಿ ಅಷ್ಟು ಸಣ್ಣ ಅಳತೆ ಸಿಗಲ್ಲ."

ಮಾಸ್ತರು ಎದ್ದು ಬೀರುವಿನ ಬೀಗ ತೆಗೆದರು. ಗಾಜಿನ ಲೋಟವನ್ನು ತೊಳೆದು, ಹೂಜಿ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಎರಡನೆಯ ಗೆರೆಯವರೆಗೆ ನೀರು ಸುರಿದರು. ಒಂದು ಹನಿ ಹೆಚ್ಚಾಯಿತು. ಅದನ್ನು ಹೂಜಿಗೆ ವಾಪಸ್ ಬಗ್ಗಿಸಿ, ಲೋಟವನ್ನು ಆಕೆಯ ಕೈಗೆ ಕೊಟ್ಟರು.