ಸೀಸೆಯಲ್ಲಿ ಚಿಗುರಿದ ಕಡಲಪಾಚಿ

ಸಾವಿರದ ಒಂಬೈನೂರ ಅರವತ್ತಾರರಲ್ಲಿ ದಿಂಡಿಗಲ್ಲಿನ ಕಾಲೇಜೊಂದರ ಸಸ್ಯಶಾಸ್ತ್ರದ ಮೇಷ್ಟ್ರು ಜೆಯರಾಜ್, ಕಡಲಿನಿಂದ ನೂರು ಮೈಲಿ ದೂರ ಕೂತು ಕಡಲಪಾಚಿಯ ಸಸಿ ಬೆಳೆಸಲು ಹೊರಟ. ಪಾಚಿಯ ತುದಿಯಿಂದ ಉಗುರಿನಷ್ಟು ಚೂರು ಕತ್ತರಿಸಿ, ಕುದಿಸಿ ಆರಿಸಿದ ಸಮುದ್ರದ ನೀರಿನ ಸೀಸೆಯಲ್ಲಿಟ್ಟರೆ ಅದು ಚಿಗುರಬೇಕು. ಅಂಥ ಸಸಿಗಳನ್ನು ಹಗ್ಗಕ್ಕೆ ಕಟ್ಟಿ ಕಡಲಿಗಿಳಿಸಿದರೆ ಮೀನುಗಾರರೂ ಬೇಸಾಯಗಾರರಾದಂತೆ. ಕಡಲತೀರದ ಮಂಡಪಂ ಊರಿನಿಂದ ಬಸ್ಸಿನಲ್ಲಿ ಜಾಡಿಗಟ್ಟಲೆ ನೀರು ಬಂತು. ಚೂರುಗಳು ಮಾತ್ರ ವಾರದೊಳಗೆ ಬಿಳಿಚಿಕೊಂಡು ಕೊಳೆತವು.

ಪ್ರಯೋಗಶಾಲೆಯಲ್ಲಿ ಸೀಸೆ ತೊಳೆಯುತ್ತಿದ್ದ ವೆಳ್ಳೈಯಮ್ಮಾಳ್ ಕಾಮಯಗೌಂಡನ್‌ಪಟ್ಟಿಯವಳು, ಕಡಲನ್ನು ಕಂಡವಳಲ್ಲ. ಇಬ್ಬರ ಮನೆಮಾತೂ ಕನ್ನಡವೇ. ಕಾಲೇಜಿನಲ್ಲಿ ಜೆಯರಾಜ್ ಅದನ್ನು ಬಾಯಿಗೆ ತರುತ್ತಿರಲಿಲ್ಲ. ಎಂಟನೆಯ ಸಲ ಕೊಳೆತಾಗ ಮಾತ್ರ, "ಯಾಕಕ್ಕಾ ಹಿಂಗಾಯ್ತದೆ?" ಅಂದ.

"ಈ ತಗಡಿನ ಕೆಳ್ಗೆ ನಾವೇ ಬೇಯ್ತೀವಿ ಸಾರ್, ಪಾಸಿ ಬೇಯಲ್ವಾ? ಕತ್ತರೀನೂ ಬರೀ ಒರಸ್ತೀರಿ. ನಂಗೆ ನಾಕು ಸೀಸೆ ಕೊಡಿ."

ಅವಳು ಕತ್ತರಿಯನ್ನೂ ಕುದಿಸಿದಳು. ಸೀಸೆಗಳನ್ನು ಬಡಗಣ ಕಿಟಕಿಯ ಬಳಿ ಒದ್ದೆ ಮರಳಿನಲ್ಲಿ ಹೂತು, ಸುತ್ತ ಗೋಣಿ ಕಟ್ಟಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿದಳು. ತಿಂಗಳಾಗುವಷ್ಟರಲ್ಲಿ ಎರಡು ಸೀಸೆಗಳಲ್ಲಿ ಚೂರು ಕವಲೊಡೆಯಿತು.

ಮದರಾಸಿನಿಂದ ಮೀನುಗಾರಿಕೆ ಇಲಾಖೆಯ ಅಧಿಕಾರಿ ನೋಡಲು ಬಂದರು. ಜೆಯರಾಜ್ ತಾನು ನೀರಿಗೆ ಬೆರೆಸಿದ ಲವಣಗಳ ಬಗ್ಗೆ ಒಂದು ಗಂಟೆ ವಿವರಿಸಿದ.

"ಈ ಗೋಣಿ?"

"ಧೂಳು ಬೀಳದ ಹಾಗೆ, ಸಾರ್."

ಅಧಿಕಾರಿ ಮೆಚ್ಚಿದರು. ಶುಚಿತ್ವಕ್ಕಾಗಿ, ತರಬೇತಿ ಇಲ್ಲದವರನ್ನು ಒಳಗೆ ಬಿಡಬಾರದೆಂದು ಬರೆದಿಟ್ಟು ಹೋದರು. ಮರುದಿನ ಬಾಗಿಲಿಗೆ ಬೋರ್ಡು ಬಂತು. ಮೊಳೆ ಹೊಡೆದವಳು ವೆಳ್ಳೈಯಮ್ಮಾಳ್.

"ಏನ್ ಬರ್ದೈತೆ ಸಾರ್?"

"ಕೆಲ್ಸ ಗೊತ್ತಿಲ್ದೋರು ಒಳಗೆ ಬರಬಾರ್ದು ಅಂತ."

"ಒಳ್ಳೇದಾಯ್ತು. ಯಾರ್ಯಾರೋ ಬಂದು ಮುಟ್ಟಿದ್ರೆ ಕೆಟ್ಟೋಯ್ತದೆ," ಎಂದು ಅವಳು ಬಕೆಟ್ಟು ಹಿಡಿದು ಒಳಗೆ ಹೊರಟಳು.

ಜೆಯರಾಜ್ ನೆಲ ನೋಡುತ್ತ ಬಾಗಿಲಿಗೆ ಅಡ್ಡ ನಿಂತ. "ನೀನೂನೂ, ಅಕ್ಕಾ."

ಅವಳು ಬಕೆಟ್ಟನ್ನು ಹೊಸ್ತಿಲ ಬಳಿ ಇಳಿಸಿದಳು. "ಹಂಗಾದ್ರೆ ಗೋಣಿಗೆ ತಣ್ಣಿ ಚಿಮುಕ್ಸೋದ್ಯಾರು?"

"ನಾನೇ ಹಾಕ್ತೀನಿ."

ಎರಡು ದಿನ ಹಾಕಿದ. ಮೂರನೆಯ ದಿನ, ಕಡಲಪಾಚಿ ಬೆಳೆಸುವ ವಿಧಾನದ ಮೇಲೆ ಭಾಷಣ ಮಾಡಲು ಮದರಾಸಿಗೆ ಕರೆ ಬಂತು. ಭಾಷಣಕ್ಕೆ ಚಪ್ಪಾಳೆ ಜೋರಾಗಿತ್ತಂತೆ. ಐದು ದಿನ ಬಿಟ್ಟು ಹಿಂತಿರುಗಿದಾಗ ಗೋಣಿ ಹಪ್ಪಳದಂತೆ ಒಣಗಿತ್ತು. ಸೀಸೆಗಳಲ್ಲಿ ಬಿಳಿಯ ಲೋಳೆ.

ಮುಂದಿನ ವಾರ ಅಧಿಕಾರಿ ಸಸಿಗಳ ಫೋಟೋ ತೆಗೆಸುವವರಿದ್ದರು. ಜೆಯರಾಜ್ ಇಕ್ಕಳ ತಂದು, ಬೋರ್ಡು ಕಿತ್ತು, ಹಿತ್ತಲಿಗೆ ಹೋದ. ವೆಳ್ಳೈಯಮ್ಮಾಳ್ ನಲ್ಲಿಯ ಬಳಿ ಸೀಸೆ ಉಜ್ಜುತ್ತಿದ್ದಳು.

"ತಪ್ಪಾಯ್ತಕ್ಕಾ. ಒಳಗೆ ಬಾ."

ಅವಳು ಎದ್ದು, ಅವನ ಕೈಗಳನ್ನು ನೋಡಿದಳು. ಇಕ್ಕಳದ ತುಕ್ಕು ಬೆರಳಿಗೆಲ್ಲ ಮೆತ್ತಿಕೊಂಡಿತ್ತು.

"ಬತ್ತೀನಿ. ಮೊದ್ಲು ನೀವು ಸೋಪು ಹಾಕಿ ಕೈ ತೊಳ್ಕೊಳ್ಳಿ," ಎಂದು ನಲ್ಲಿಯಿಂದ ಸರಿದು ನಿಂತಳು.