ಎರಡು ಸಲ ಊದಿದ ಸಂಗು

ಆದಿಲಕ್ಷ್ಮಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಬಾಗಿಲ ಬಳಿ ಅತ್ತಿಗೆ ಅನಸೂಯಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತೂಕಡಿಸುತ್ತಿದ್ದಳು. ಇಬ್ಬರ ನಡುವೆ ಮಾತಿರಲಿಲ್ಲ. ಮಾತು ಶುರುವಾದರೆ ಅದು ಅಣ್ಣನ ಟ್ಯಾಕ್ಸಿಯ ಕಡೆಗೇ ಹೊರಳುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಆಗ ಸಂಗು ಊದಿತು.

ಗಣಿಯಲ್ಲಿ ಪಾಳಿ ಬದಲಾಗುವಾಗ ಕೂಗುವ ಸೈರನ್ನಿಗೆ ಕೆ.ಜಿ.ಎಫ್‌ನಲ್ಲಿ ಸಂಗು ಅಂತಲೇ ಹೆಸರು. ತಮಿಳರೂ ಹಾಗೇ ಅನ್ನುತ್ತಾರೆ, ತೆಲುಗರೂ ಅನ್ನುತ್ತಾರೆ, ಬೂದಿಕೋಟೆ ಕಡೆಯಿಂದ ಬಂದು ಇಲ್ಲಿ ನೆಲೆನಿಂತ ಇವರಂಥ ಒಕ್ಕಲು ಮಂದಿಯೂ ಅನ್ನುತ್ತಾರೆ. ಮಧ್ಯಾಹ್ನ ಎರಡರ ಸಂಗು ಊದಿದರೆ ಮನೆಮನೆಯಲ್ಲೂ ಎಸರಿಗೆ ಅಕ್ಕಿ ಬೀಳುತ್ತದೆ. ಗಡಿಯಾರ ನೋಡುವವರು ಯಾರು?

"ಎರಡಾಯ್ತು. ಅಕ್ಕಿ ಆಕು ಲಕ್ಷ್ಮಿ," ಅಂದಳು ಅತ್ತಿಗೆ, ಕಣ್ಣು ಬಿಡದೆಯೇ. "ನಿಮ್ಮಣ್ಣ ಬರೋ ಒತ್ತಾಯ್ತು."

ಲಕ್ಷ್ಮಿ ಅಕ್ಕಿ ತೊಳೆದು ಹಾಕಿದಳು. ಆದರೂ ಏನೋ ಚುಚ್ಚುತ್ತಿತ್ತು. ಸಂಗು ಯಾವತ್ತೂ ಹಾಗೆ ನಿಲ್ಲುವುದಿಲ್ಲ. ಕೂಗಿ ಕೂಗಿ ಸುಸ್ತಾಗಿ, ಇಳಿಯುತ್ತಾ ಇಳಿಯುತ್ತಾ ಅಡಗುತ್ತದೆ. ಇದು ಜೋರಾಗಿ ಕೂಗುತ್ತಿದ್ದಾಗಲೇ, ಕಲ್ಲಲ್ಲಿ ಹೊಡೆದು ಕೆಡವಿದ ಹಾಗೆ ಪಟ್ಟನೆ ನಿಂತಿತ್ತು. ಬಂದದ್ದೂ ಗಣಿಯಿರುವ ಬೀದಿಯ ಕಡೆಯಿಂದಲ್ಲ, ಹಿತ್ತಲ ಕಡೆಯಿಂದ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಲಕ್ಷ್ಮಿ. ನೋಡುವುದು, ಕೇಳುವುದು ಹೆಚ್ಚು. ಬಾಯಿ ಬಿಡುವುದು ಕಡಿಮೆ. ಈಗಲೂ ಬಿಡಲಿಲ್ಲ.

ಅನ್ನ ಇನ್ನೂ ಅರೆಬೆಂದಿತ್ತು. ಸಂಗು ಮತ್ತೆ ಊದಿತು. ಈ ಸಲ ಬೀದಿಯ ಕಡೆಯಿಂದ. ಪೂರ್ತಿ ಕೂಗಿ, ನಿಧಾನವಾಗಿ ಇಳಿದು ನಿಂತಿತು.

ಅವಳು ಸೌಟು ಬಿಟ್ಟು ಬಾಗಿಲಿಗೆ ಬಂದಳು.

"ಅತ್ತಿಗೆ, ಮೊದಲು ಊದಿದ್ದು ಸಂಗಲ್ಲ. ಅಣ್ಣನ ಗಾಡಿ."

ಮೂರು ತಿಂಗಳ ಹಿಂದೆ ಕ್ಯಾಸಂಬಳ್ಳಿ ರಸ್ತೆಯಲ್ಲಿ ಡ್ರೈವರ್ ಸೊಣ್ಣಪ್ಪನ ಕುತ್ತಿಗೆಗೆ ಹಿಂದಿನ ಸೀಟಿನವರು ಟವೆಲ್ ಹಾಕಿ ಬಿಗಿದಿದ್ದರು. ಕಾರು ಹೋಯಿತು, ಜೀವವೊಂದು ಉಳಿಯಿತು. ಅಂದಿನಿಂದ ಲಕ್ಷ್ಮಿಯ ಅಣ್ಣ ವೆಂಕಟೇಶಪ್ಪನಿಗೆ ನಿದ್ದೆಯಿಲ್ಲ. ಗಣಿಯ ವರ್ಕ್‌ಶಾಪಿನ ಎಲೆಕ್ಟ್ರಿಷಿಯನ್ ಆರುಮುಗಂ ಅವನ ಗೆಳೆಯ. ಗುಜರಿಗೆ ಬಿದ್ದಿದ್ದ ಒಂದು ಚಿಕ್ಕ ಸೈರನ್ ತಂದು ಅಂಬಾಸಿಡರಿನ ಬಂಪರಿನ ಹಿಂದೆ ಕೂರಿಸಿ, ಕ್ಲಚ್ಚಿನ ಪಕ್ಕದಲ್ಲಿ ಮ್ಯಾಟಿನ ಅಡಿಗೆ ಸ್ವಿಚ್ ಇಟ್ಟುಕೊಟ್ಟ. ಹಿಮ್ಮಡಿಯಲ್ಲಿ ಒಂದು ಸಲ ಒತ್ತಿದರೆ ಸಾಕು.

"ಊರೇ ಎದ್ದು ಬರುತ್ತೆ ನೋಡು," ಅಂದಿದ್ದ ಆರುಮುಗಂ.

ಅವತ್ತು ಅವನ ಮನೆ ಮುಂದೆ ಒತ್ತಿ ನೋಡಿದರು. ಎದುರು ಮನೆಯ ಚಿಕ್ಕವೆಂಕಟಮ್ಮ ಸೆರಗು ಸರಿ ಮಾಡಿಕೊಳ್ಳುತ್ತಾ ಓಡಿ ಬಂದು, "ಅಯ್ಯೋ, ಸಂಗು ಆಗೋಯ್ತಾ? ಒಲೇನೇ ಅಚ್ಚಿಲ್ವಲ್ಲೋ!" ಅಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣನಿಗೆ ಊಟ ತಂದು ನಿಂತಿದ್ದ ಲಕ್ಷ್ಮಿ ನಗಲಿಲ್ಲ. ಬೇರೆ ಥರ ಕೂಗುವುದೊಂದು ಹಾಕಿಸಿಕೋ ಅನ್ನಬೇಕೆನಿಸಿತು. ಅಷ್ಟು ಜನ ಗಂಡಸರ ಮುಂದೆ ನಾಲಗೆ ಏಳಲಿಲ್ಲ.

ಇವತ್ತು ಆ ಸೈರನ್ ಊರಿಗೆಲ್ಲ ಕೇಳಿಸಿತ್ತು. ಕೇಳಿ, ಊರೆಲ್ಲ ಎಸರಿಗೆ ಅಕ್ಕಿ ಹಾಕಿತ್ತು.

ಅತ್ತಿಗೆ ಕೂಸನ್ನೆತ್ತಿಕೊಂಡು ಪೊಲೀಸ್ ಸ್ಟೇಷನ್ನಿಗೆ ಓಡಿದಳು. ಲಕ್ಷ್ಮಿ ಬರಿಗಾಲಲ್ಲಿ ಟ್ಯಾಕ್ಸಿ ಸ್ಟ್ಯಾಂಡಿಗೆ ಓಡಿದಳು. ಮರದ ನೆರಳಲ್ಲಿ ಮೂರು ಕಾರು ನಿಂತಿದ್ದವು. ಅಲ್ಲಿ ಹಿರಿಯನಾದ ಮುನಿನಾರಾಯಣಪ್ಪ, ಪಕ್ಕದಲ್ಲಿ ಬಚ್ಚಪ್ಪ, ಇನ್ನೊಬ್ಬ ಡ್ರೈವರ್ ಇಸ್ಪೀಟು ಆಡುತ್ತಿದ್ದರು. ಕಾರಿಲ್ಲದ ಸೊಣ್ಣಪ್ಪ ಸುಮ್ಮನೆ ನೋಡುತ್ತಾ ಕುಳಿತಿದ್ದ.

"ಅಣ್ಣ ಎಲ್ಲಿ?" ಅಂದಳು ಲಕ್ಷ್ಮಿ, ಏದುಸಿರಲ್ಲೇ.

"ಅರೆ, ವೆಂಕಟೇಶಪ್ಪನ ತಂಗಿಗೆ ಬಾಯೈತೆ ಕಣ್ಲಾ!" ಅಂದ ಮುನಿನಾರಾಯಣಪ್ಪ. "ಬೆಳಿಗ್ಗೆ ಬಂಗಾರಪೇಟೆಗೆ ಓದ, ರೈಲಿನ ಗಿರಾಕಿ ಸಿಕ್ತಾರೆ ಅಂತ. ಬತ್ತಾನೆ ಬಿಡಮ್ಮ."

"ಸಂಗು ಎರಡು ಸಲ ಊದ್ತು."

"ಎರಡು ಸಲ ಊದಿದ್ರೆ ಎರಡು ಸಲ ಉಂಡು ಮಲಕ್ಕ," ಅಂದ ಬಚ್ಚಪ್ಪ. ನಗು ಎದ್ದಿತು.

ಲಕ್ಷ್ಮಿ ತಲೆ ತಗ್ಗಿಸಿಕೊಂಡು ನೆಲಕ್ಕೆ ಹೇಳುವವಳ ಹಾಗೆ ಹೇಳಿದಳು. "ಮೊದಲನೇದು ಪೂರ್ತಿ ಕೂಗ್ಲಿಲ್ಲ. ಮಧ್ಯಕ್ಕೇ ನಿಂತೋಯ್ತು. ಸೈನೈಡ್ ದಿಬ್ಬದ ಕಡೆಯಿಂದ ಬಂತು. ಆ ಕಡೆ ಯಾವ ಸಂಗೂ ಇಲ್ಲ ಅಣ್ಣ."

ಎಲೆ ಎತ್ತಿದ್ದ ಬಚ್ಚಪ್ಪನ ಕೈ ಹಾಗೇ ನಿಂತಿತು.

"ಔದು." ಗಾಳಿ ಹೋದ ಟ್ಯೂಬಿನ ಹಾಗಿತ್ತು ಸೊಣ್ಣಪ್ಪನ ದನಿ, ಟವೆಲು ಉಳಿಸಿದ್ದು ಅಷ್ಟೇ. "ನಂಗೂ ಕೇಳಿಸ್ತು. ಈ ಸಂಗು ಯಾಕೆ ಅಂಗೆ ನಿಂತೋಯ್ತು ಅಂದ್ಕಂಡೆ."

ಸೈರನ್ ಹಾಕಿಸಿದ ದಿನ ಇದೇ ಮರದ ಕೆಳಗೆ ಮಾತಾಗಿತ್ತು: ವೆಂಕಟೇಶಪ್ಪನ ಗಾಡಿ ಕೂಗಿತೆಂದರೆ ಸರಿ, ಕೇಳಿದವರು ಕೈಯಲ್ಲಿದ್ದ ತುತ್ತು ಬಿಟ್ಟು ಓಡಬೇಕು ಅಂತ. ಆ ಮಾತು ಎತ್ತಿದವನೇ ಮುನಿನಾರಾಯಣಪ್ಪ.

ಈಗ ಅವನು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. "ಸ್ಟೇಷನ್ನಿಗೆ ಯೇಳಿದ್ರಾ?"

"ಅತ್ತಿಗೆ ಓಗವ್ರೆ. ಜೀಪು ಕೋಲಾರಕ್ಕೆ ಓಗೈತಂತೆ, ದಾರೀಲಿ ಯಾರೋ ಅಂದ್ರು."

"ಬತ್ತದೆ ಬಿಡು. ಅವರತ್ರ ಬಂದೂಕ ಇರ್ತದೆ." ಅವನು ಅವಳ ಮುಖ ನೋಡಲಿಲ್ಲ. "ನಮ್ಮತ್ರ ಏನೈತೆ?"

"ಎಷ್ಟು ಜನ ಅವ್ರೋ ಏನೋ," ಅಂದ ಬಚ್ಚಪ್ಪ ಮೆಲ್ಲಗೆ. "ನಂಗೂ ಎರಡು ಎಣ್ಣುಮಕ್ಕಳು ಕಣಮ್ಮ."

ದಿಬ್ಬ ಇಲ್ಲಿಂದ ಒಂದೂವರೆ ಮೈಲಿ. ಕಾರಲ್ಲಿ ಐದು ನಿಮಿಷ, ಓಡಿದರೂ ಇಪ್ಪತ್ತು ನಿಮಿಷ. ಅಣ್ಣನ ಗಾಡಿಯ ಕೂಗು ನಿಂತು ಆಗಲೇ ಎಷ್ಟು ಹೊತ್ತಾಯಿತು? ಸೊಣ್ಣಪ್ಪನಿಗೆ ಜೀವ ಉಳಿದದ್ದು ಹಾಲಿನವನೊಬ್ಬ ಅದೇ ಹೊತ್ತಿಗೆ ಸೈಕಲ್ಲಲ್ಲಿ ಬಂದದ್ದಕ್ಕೆ. ಈ ಬಿಸಿಲಲ್ಲಿ ದಿಬ್ಬದ ಹಿಂದೆ ಯಾರು ಬರುತ್ತಾರೆ?

ಲಕ್ಷ್ಮಿ ತಲೆ ಎತ್ತಿದಳು. ಹುಟ್ಟಿದಾಗಿನಿಂದ ಇಷ್ಟು ಗಂಡಸರ ಮುಖವನ್ನು ಅವಳು ಒಟ್ಟಿಗೆ ನೋಡಿರಲಿಲ್ಲ. ಒಬ್ಬೊಬ್ಬರನ್ನೇ ನೋಡಿದಳು. ಒಬ್ಬೊಬ್ಬರೂ ಬೇರೆ ಕಡೆ ನೋಡಿದರು.

"ಒಂದು ಗಾಡಿ ಸಾಕು," ಅಂದಳು. "ಮುಂದೆ ನಾನೇ ಕೂತ್ಕತೀನಿ. ಯಾರಾದ್ರೂ ಒಬ್ಬರು ಬನ್ನಿ ಅಣ್ಣ."