ಶೃತಿಯ ಮದುವೆಗೆ ತಂದ ಗಂಗೆ

ಗೊಟ್ಟಿಗೆರೆಯ ನಂದಕುಮಾರನ ತಲೆ ಆ ಸೋಮವಾರ ಬೆಳಿಗ್ಗೆಯೇ ಮೊಸರು ಗಡಿಗೆಯಾಗಿತ್ತು. ಬುಧವಾರ ಮಗಳು ಶೃತಿಯ ಮದುವೆ. ಅಂದೇ ಹನ್ನೊಂದಕ್ಕೆ ಚಪ್ಪರದ ಪೂಜೆ. ಅದಕ್ಕೆ ಮುಂಚೆ ಹೆಂಗಸರು ಓಲಗದ ಸಮೇತ ಹೋಗಿ ಊರ ಕೆರೆಯಿಂದ ಕಳಶದಲ್ಲಿ ಗಂಗೆ ತರಬೇಕು. ಆ ನೀರು ಬಾರದೆ ಯಾವ ಶಾಸ್ತ್ರವೂ ಶುರುವಾಗುವುದಿಲ್ಲ.

ಕೆರೆಗೆ ಈಗ ಸರ್ಕಾರಿ ಇಲಾಖೆಯವರ ಬೇಲಿ ಬಂದಿದೆ. ಗೇಟಿಗೆ ಬೆಳಿಗ್ಗೆ ಒಂಬತ್ತಕ್ಕೆ ಬೀಗ. ಸೋಮವಾರದ ರಾಹುಕಾಲ ಮುಗಿಯುವುದೂ ಒಂಬತ್ತಕ್ಕೇ. ರಾಹುವೂ ಇಲಾಖೆಯವರೂ ಮೊದಲೇ ಮಾತಾಡಿಕೊಂಡ ಹಾಗಿತ್ತು. ಏಳೂವರೆಯೊಳಗೆ ಹೊರಡಿ ಎಂದು ನಂದಕುಮಾರ ಬಾಯಿ ಬಡಿದುಕೊಂಡ. ಒಬ್ಬರಿಗೆ ಹೂವು ಸಾಲದು, ಇನ್ನೊಬ್ಬರಿಗೆ ಕಾಫಿ ಬಂದಿಲ್ಲ. ಎಲ್ಲರೂ ಸಿದ್ಧರಾದಾಗ ಏಳೂ ಮೂವತ್ತೈದು. ಅವನ ತಾಯಿ ನಾರಾಯಣಮ್ಮ ಹೊಸ್ತಿಲಿಗೆ ಅಡ್ಡ ನಿಂತರು. ರಾಹುಕಾಲ ಶುರುವಾಗಿತ್ತು!

ಒಂಬತ್ತೂ ಹತ್ತಕ್ಕೆ ಗೇಟಿನ ಮುಂದೆ ಓಲಗ ಊದಿದ್ದೇ ಬಂತು.

“ಸಂಜೆ ನಾಲ್ಕಕ್ಕೆ ಬನ್ನಿ ಸಾರ್, ಬೀಗದ ಕೈ ನನ್ನ ಹತ್ರ ಇಲ್ಲ,” ಎಂದ ಕಾವಲುಗಾರ ದೇವದಾಸ್.

“ಈ ಕೆರೆ ಹೂಳೆತ್ತಿದೋರು ನಮ್ಮ ತಾತ ಕಣ್ರೀ!”

“ಇರಬೋದು ಸಾರ್. ಬೀಗ ಹಾಕಿರೋರು ಬೇರೆಯೋರು.”

ಖಾಲಿ ಕಳಶ ಹೊತ್ತು ಮನೆಗೆ ಹೋಗುವಂತಿಲ್ಲ, ಅಪಶಕುನ. ಹೆಂಗಸರು ಬೀದಿಯಲ್ಲೇ ಬಿಸಿಲಲ್ಲಿ ನಿಂತರು.

“ನಲ್ಲಿ ನೀರು ಹಿಡಿಯೋಣ ಅಮ್ಮ. ಯಾರಿಗೆ ಗೊತ್ತಾಗುತ್ತೆ?”

“ಯಾವ ನೀರಲ್ಲಿ ಬೆಳೆದ ಅನ್ನ ಉಂಡ್ವೋ ಅದೇ ನೀರು ಬೇಕು ಕಣೋ. ನಲ್ಲಿ ನೀರು ಯಾವೂರ್ದೋ ಏನೋ.”

ನಂದಕುಮಾರನಿಗೆ ರೋಸಿಹೋಯಿತು. ಕಳಶ ಕಸಿದುಕೊಂಡು, ತಿರುವಿನಲ್ಲಿ ಪೀಜಿ ಹಾಸ್ಟೆಲೊಂದಕ್ಕೆ ನೀರು ಬಿಡುತ್ತಿದ್ದ ಟ್ಯಾಂಕರ್ ಬಳಿಗೆ ದಾಪುಗಾಲು ಹಾಕಿದ.

“ಸ್ವಲ್ಪ ನೀರು ಬಿಡಪ್ಪ. ಅಮ್ಮ ಕೇಳಿದ್ರೆ ಕೆರೆ ನೀರು ಅನ್ನು.”

“ಸುಳ್ಳ್ಯಾಕಣ್ಣ?” ಎಂದು ನಕ್ಕ ಟ್ಯಾಂಕರಿನ ಕೆಂಪರಾಜು. “ಕೆರೆ ನೀರೇ ಇದು. ಏರಿ ಕೆಳಗೆ ಜೋಡಿ ಹುಣಸೆಮರ ಇಲ್ವಾ? ಅದರ ಪಕ್ಕದಲ್ಲೇ ನಮ್ಮ ಬೋರು. ಕೆರೆ ತುಂಬಿದ್ರೆ ಅದೂ ತುಂಬುತ್ತೆ.”

ಜೋಡಿ ಹುಣಸೆಮರದ ಗದ್ದೆ ಹಿಂದೆ ನಂದಕುಮಾರನ ಮನೆಯವರದೇ ಆಗಿತ್ತು. ಅಮ್ಮ ಬೇಡವೆಂದು ಅಂಗಲಾಚಿದರೂ ಕೇಳದೆ, ಬಾಡಿಗೆ ಮನೆ ಕಟ್ಟಲು ಅದನ್ನು ಮಾರಿದವನು ಅವನೇ. ತಿರುಗಿ ನೋಡಿದರೆ ನಾರಾಯಣಮ್ಮ ಬೆನ್ನ ಹಿಂದೆಯೇ ಇದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಸೆರಗು ಹೊದ್ದು, ಟ್ಯಾಂಕರಿನ ಪೈಪಿಗೆ ಅರಿಶಿನ ಕುಂಕುಮ ಇಟ್ಟು, ಕರ್ಪೂರ ಬೆಳಗಿ, ಕಳಶ ತುಂಬಿಸಿಕೊಂಡರು. ಆಮೇಲೆ ತಟ್ಟೆಯಿಂದ ಎಲೆ ಅಡಿಕೆ ತೆಗೆದು ಮಗನ ಕೈಗಿಟ್ಟರು.

“ಇವನಿಗೆ ತಾಂಬೂಲ ಕೊಡು. ನಿಮ್ಮಪ್ಪ ಇದ್ದಾಗ ಆ ಗದ್ದೆ ನೀರು ಕೇಳ್ಕೊಂಡು ಬಂದೋರು ನಮಗೆ ತಾಂಬೂಲ ಕೊಡ್ತಿದ್ರು.”

ನಂದಕುಮಾರ ತಲೆ ತಗ್ಗಿಸಿ, ಕೆಂಪರಾಜುವಿಗೆ ಎರಡೂ ಕೈಯಿಂದ ಕೊಟ್ಟ.